ಮದುಮಗನ ಬೆನ್ನ ಹಿಂದೆ ಇದ್ದ ಹಾಸನ

"ಹಳೇ ಹಾಸನದ ಫೋಟೋ ಇದ್ದರೆ ತೋರಿಸಿ" ಅಂತ ಎರಡು ವರ್ಷ ಮನೆ ಮನೆ ತಿರುಗಿದೆ. ಸಿಕ್ಕಿದ್ದು ಹನ್ನೊಂದು. ಅದರಲ್ಲಿ ನಾಲ್ಕು ಬೇಲೂರು ದೇವಸ್ಥಾನದವು, ಮೂರು ಮಹಾರಾಜ ಪಾರ್ಕಿನವು. "ಅಂಥದ್ದೇನೂ ನಮ್ಮನೇಲಿ ಇಲ್ಲಪ್ಪ" ಅಂತ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅವರು ಸುಳ್ಳು ಹೇಳಿದ್ದಲ್ಲ. ನಾನು ಕೇಳಿದ್ದೇ ಸರಿ ಇರಲಿಲ್ಲ.

ಮೂರನೇ ವರ್ಷ ಮಾತು ಬದಲಾಯಿಸಿದೆ. "ಮದುವೆ ಮೆರವಣಿಗೆ ಫೋಟೋ ಇದೆಯಾ? ಹೊಸ ಸ್ಕೂಟರ್ ತಗೊಂಡಾಗ ರಸ್ತೇಲಿ ನಿಲ್ಲಿಸಿ ತೆಗೆಸಿದ್ದು? ಗಣಪತಿ ಬಿಡೋಕೆ ಹೋದದ್ದು? ಅಂಗಡಿ ಪೂಜೆ ದಿನದ್ದು?" ಆಗ ನೋಡಿ, ಅಟ್ಟದಿಂದ ಟ್ರಂಕ್ ಇಳಿಯಿತು. ಮದುಮಗ ಮುಂದೆ ನಿಂತಿದ್ದಾನೆ. ಅವನ ಭುಜದ ಹಿಂದೆ ಹೆಂಚಿನ ಅಂಗಡಿ ಸಾಲು, ಮರದ ಕಂಬ, ನಂಬರ್ ಬರೆದ ಹಲಗೆ ಬಾಗಿಲು. ಅದು ಈಗ ಇಲ್ಲದ ಮಾರ್ಕೆಟ್ ರಸ್ತೆ. ಮನೆಯವರಿಗೆ ಅದು ಚಿಕ್ಕಪ್ಪನ ಮದುವೆ ಅಷ್ಟೇ.

ನನ್ನದು ಫೋಟೋ ಸ್ಟುಡಿಯೋ. ಸೋದರಮಾವ ಶುರು ಮಾಡಿದ್ದು, ನಾನು ಹುಡುಗನಾಗಿದ್ದಾಗ ಅವರ ಕತ್ತಲೆ ಕೋಣೆಯಲ್ಲಿ ಪ್ರಿಂಟ್ ತೊಳೆದು ಬೆಳೆದವನು. ಈಗ ಪಾಸ್‌ಪೋರ್ಟ್ ಸೈಜು ಫೋಟೋ, ಕಾಫಿ ಕಪ್ಪಿನ ಮೇಲೆ ಫೋಟೋ, ಇದೇ ಹೊಟ್ಟೆಪಾಡು. ಹಳೇ ಊರು ಹುಡುಕುವುದು ರಾತ್ರಿ ಕೆಲಸ.

ಒಂದು ವಿಷಯ ನನಗೆ ಯಾವಾಗಲೂ ಕಾಡುತ್ತದೆ. ಹಳೇಬೀಡು ಇಲ್ಲಿಂದ ಸುಮಾರು 30 ಕಿಲೋಮೀಟರ್. ಅಲ್ಲಿಯ ಹೊಯ್ಸಳೇಶ್ವರ ಗುಡಿಯನ್ನು ಓಕ್ಲಿ ಅನ್ನುವ ಬ್ರಿಟಿಷ್ ಸೇನಾಧಿಕಾರಿ 1856ರಲ್ಲೇ ಫೋಟೋ ತೆಗೆದಿದ್ದ. ಅಷ್ಟು ಹಿಂದೆಯೇ, ಅಷ್ಟೆಲ್ಲ ಸಾಮಾನು ಹೊರಿಸಿಕೊಂಡು ಬಂದು. ಗುಡಿಗೆ ಆ ಭಾಗ್ಯ. ಸಂತೆಗೆ, ಜವಳಿ ಅಂಗಡಿಗೆ, ಹೋಟೆಲಿಗೆ, ಮೋರಿ ಸೇತುವೆಗೆ ಯಾರು ತೆಗೀತಾರೆ? ನೂರು ವರ್ಷ ಆದಮೇಲೂ ಇದೇ ಕಥೆ. ನಮ್ಮ ಕಡೆ ಕೈಗೆಟುಕಿದ ಕ್ಯಾಮೆರಾ ಅಂದರೆ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡೇ ಫೋಟೋ. ಮಗು, ಅಜ್ಜಿ, ಹೊಸ ಸೊಸೆ ಇರುವಾಗ ಕಾಸು ಕೊಟ್ಟು ಅಂಗಡಿ ಸಾಲಿನ ಫೋಟೋ ತೆಗೆಸಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗಿತ್ತು.

ಸ್ಟುಡಿಯೋಗಳಲ್ಲಿ ನೆಗೆಟಿವ್ ರಾಶಿ ಇತ್ತು, ನಿಜ. ಆದರೆ ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತದಲ್ಲ, ಅದನ್ನು ತೆಗೆಯುವವರು ಬಂದು ಕೆಜಿ ಲೆಕ್ಕದಲ್ಲಿ ಕೊಂಡರು. ನಮ್ಮ ಮಾವನೂ ಎರಡು ಚೀಲ ಕೊಟ್ಟರು. ಆ ದುಡ್ಡಿನಲ್ಲಿ ಒಂದು ಟೇಬಲ್ ಫ್ಯಾನ್ ಬಂತು. ಅದು ಇನ್ನೂ ತಿರುಗುತ್ತದೆ. ಅದರ ಗಾಳಿಗೆ ಕೂತಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು ಕೆಲಸದ ವಿಷಯ. ಫೋಟೋವನ್ನು ನಾನು ಮನೆಯಿಂದ ಆಚೆ ತರುವುದಿಲ್ಲ. "ತಗೊಂಡೋಗಿ ನಾಳೆ ಕೊಡಿ" ಅಂದರೂ ಬೇಡ. ಒಂದು ಕಳೆದರೆ ಇಡೀ ಬೀದಿಯ ಬಾಗಿಲು ಮುಚ್ಚುತ್ತದೆ. ಸಣ್ಣ ಸ್ಕ್ಯಾನರ್, ಲ್ಯಾಪ್‌ಟಾಪ್ ಅಲ್ಲಿಗೇ ಹೊರುತ್ತೇನೆ. ಪ್ರಿಂಟ್ ಆದರೆ 600 ಡಿಪಿಐ, ಅಂದರೆ ಒಂದು ಇಂಚಿಗೆ 600 ಚುಕ್ಕೆ, ಅಂಗೈ ಅಗಲದ್ದಾದರೆ 1200. ನೆಗೆಟಿವ್ ಆದರೆ 2400ಕ್ಕಿಂತ ಕಡಿಮೆ ಇಲ್ಲ. ಕ್ಲಿಕ್ 3ರ ಚೌಕ ನೆಗೆಟಿವ್ ಅಷ್ಟರಲ್ಲಿ ಒಂದೊಂದು ಬದಿಗೆ ಸುಮಾರು 5,300 ಪಿಕ್ಸೆಲ್ ಕೊಡುತ್ತದೆ. ಮದುಮಗನ ಮುಖಕ್ಕೆ ಇಷ್ಟು ಬೇಕಿಲ್ಲ. ಅವನ ಹಿಂದಿನ ಬೋರ್ಡು ಓದಲು ಬೇಕು. ವಿವರ ಕಳೆಯುವ ಜೇಪೆಗ್ ಫೈಲು ಸಾಲದು, ಏನೂ ಕಳೆಯದ ಟಿಫ್ ಫೈಲಿನಲ್ಲಿ ಉಳಿಸುತ್ತೇನೆ. ಫೋಟೋದ ಹಿಂಬದಿಯನ್ನೂ ಬಿಡುವುದಿಲ್ಲ. ಸ್ಟುಡಿಯೋ ಸೀಲು, ಪೆನ್ಸಿಲ್ ಗೀಚು, ಎಲ್ಲ ಅಲ್ಲೇ ಇರುತ್ತದೆ.

ನೆಗೆಟಿವ್ ಡಬ್ಬಿ ತೆರೆದ ತಕ್ಷಣ ವಿನೆಗರ್ ಥರ ಹುಳಿ ವಾಸನೆ ಹೊಡೆದರೆ ಮೊದಲು ಅದನ್ನೇ ಸ್ಕ್ಯಾನ್ ಮಾಡಬೇಕು. ಫಿಲಂ ಕೆಡುತ್ತಿದೆ ಅಂತ ಅರ್ಥ. ಬೇರೆಯವುಗಳ ಜೊತೆ ಇಟ್ಟರೆ ಅವೂ ಕೆಡುತ್ತವೆ.

ಗೋಡೆಗೆ ಹಾಕಿದ ಫೋಟೋಗಳದ್ದು ಬೇರೆ ಕಷ್ಟ. ಸಕಲೇಶಪುರದ ಕಡೆ ಮಳೆಗಾಲದ ತೇವಕ್ಕೆ ಪ್ರಿಂಟ್ ಹೋಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಕೀಳಬಾರದು. ಕಿತ್ತರೆ ಮುಖ ಗಾಜಿನ ಮೇಲೆ, ಕಾಗದ ಕೈಯಲ್ಲಿ. ಗಾಜಿನ ಮೇಲಿಂದಲೇ ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಎರಡು ಕಡೆಯಿಂದ ಓರೆಯಾಗಿ ಬೆಳಕು, ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ. ಆಗ ಗಾಜಿನಲ್ಲಿ ನನ್ನ ಹೊಟ್ಟೆ ಕಾಣುವುದಿಲ್ಲ. ಪೆನ್ಷನ್ ಮೊಹಲ್ಲಾದ ಒಂದು ಮನೆಯಲ್ಲಿ ಯಜಮಾನರ ಫೋಟೋಗೆ ವರ್ಷಗಟ್ಟಲೆ ಇಟ್ಟ ಕುಂಕುಮ ಗಾಜಿನ ಮೇಲೆ ಗಟ್ಟಿಯಾಗಿತ್ತು. ಅದರ ಹಿಂದೆಯೇ ಒಂದು ಮಾಳಿಗೆ ಮನೆಯ ಮುಂಭಾಗ ಇತ್ತು. "ಒರೆಸ್ಲಾ ಅಮ್ಮ?" ಅಂದೆ. "ಒರೆಸಬೇಡಿ, ಹಂಗೇ ತೆಗೀರಿ" ಅಂದರು. ಹಾಗೇ ತೆಗೆದೆ. ಆ ಮಾಳಿಗೆಗೆ ಎಷ್ಟು ಕಿಟಕಿ ಇತ್ತು ಅಂತ ನನಗೆ ಇನ್ನೂ ಗೊತ್ತಿಲ್ಲ. ಎರಡು ಕಾಣುತ್ತವೆ, ಮೂರನೆಯದು ಕುಂಕುಮದ ಹಿಂದೆ.

ವರ್ಷ ಹಿಡಿಯುವುದು ನನಗೆ ಬಹಳ ಇಷ್ಟದ ಕೆಲಸ. ಮನೆಯವರು ಹೇಳುವ ವರ್ಷವನ್ನು ಬರೆದುಕೊಳ್ಳುತ್ತೇನೆ, ನಂಬುವುದಿಲ್ಲ. ಬಸ್ಸು ಕಂಡರೆ ಅದೃಷ್ಟ. ಸರ್ಕಾರಿ ಬಸ್ಸು 1948ರಲ್ಲಿ ಎಂ.ಜಿ.ಆರ್.ಟಿ.ಡಿ. (ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ) ಆಗಿ ಶುರುವಾಯಿತು, 1961ರಲ್ಲಿ ಎಂ.ಎಸ್.ಆರ್.ಟಿ.ಸಿ. (ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ) ಆಯಿತು, 1973ರ ನವೆಂಬರಿನಲ್ಲಿ ರಾಜ್ಯದ ಹೆಸರು ಬದಲಾದಾಗ ಕೆ.ಎಸ್.ಆರ್.ಟಿ.ಸಿ. ಒಂದೇ ರಾತ್ರಿಗೆ ಎಲ್ಲ ಬಸ್ಸಿಗೂ ಬಣ್ಣ ಹೊಡೆಯಲು ಆಗುವುದಿಲ್ಲವಲ್ಲ, ಅದಕ್ಕೇ ಒಂದೆರಡು ವರ್ಷ ಅತ್ತ ಇತ್ತ ಬಿಟ್ಟುಕೊಳ್ಳುತ್ತೇನೆ. ಬೋರ್ಡಿನಲ್ಲೋ ಸ್ಟುಡಿಯೋ ಸೀಲಿನಲ್ಲೋ 573201 ಅಂತ ಪಿನ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಗಾಡಿ ನಂಬರ್ ಕೆಎ 13 ಇದ್ದರೆ 1989ರ ನಂತರ. ನ.ಪೈ., ಅಂದರೆ ನಯಾ ಪೈಸೆ, ಅಂತ ಬರೆದ ದರಪಟ್ಟಿ ಕಂಡರೆ 1957ಕ್ಕಿಂತ ಹಿಂದಿನದಂತೂ ಅಲ್ಲ. ಬಾಯಲ್ಲಿ "ನಾಲ್ಕಾಣೆ" ಅನ್ನುವುದು ಆಮೇಲೂ ಎಷ್ಟೋ ವರ್ಷ ಇತ್ತು, ಬಾಯಿಮಾತು ಲೆಕ್ಕಕ್ಕಿಲ್ಲ. ಸಿನಿಮಾ ಪೋಸ್ಟರ್ ನಂಬಿ ಕೆಡಬೇಡಿ. ಬೆಂಗಳೂರಲ್ಲಿ ಓಡಿದ ಸಿನಿಮಾ ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಹೀರೋಗೆ ಮಕ್ಕಳಾಗಿರುತ್ತಿದ್ದವು.

ಈಗ ನನ್ನ ಮಾನ ಹೋದ ಕಥೆ. ಒಂದು ನೆಗೆಟಿವ್ ಸಿಕ್ಕಿತ್ತು. ಮೆರವಣಿಗೆ, ಹಿಂದೆ ಎರಡಂತಸ್ತಿನ ಹೆಂಚಿನ ಕಟ್ಟಡ, ಮೇಲೆ ಮರದ ಕಟಕಟೆ, ದೂರದಲ್ಲಿ ಒಂದು ಬಸ್ಸು. ಬಹಳ ಚೆಂದ ಇತ್ತು. ಈಗ ಕಾಂಪ್ಲೆಕ್ಸ್ ಇರುವ ಜಾಗವೇ ಇದು ಅಂತ ಗುರುತು ಹಚ್ಚಿದೆ. ದೊಡ್ಡದಾಗಿ ಪ್ರಿಂಟ್ ಹಾಕಿ, ಒಂದು ಶಾಲೆಯ ಹಾಲಿನಲ್ಲಿ ಇನ್ನೂ ಮೂವತ್ತು ಫೋಟೋಗಳ ಜೊತೆ ನೇತುಹಾಕಿದೆ. ಕೆಳಗೆ ಚೀಟಿ ಬೇರೆ: ಎಡಬದಿ, ಇಂಥ ಅಂಗಡಿಯ ಪಕ್ಕ.

ರಿಟೈರ್ ಆದ ಕಂಡಕ್ಟರ್ ಒಬ್ಬರು ಬಂದರು. ಎಲ್ಲ ಫೋಟೋ ಸುಮ್ನೆ ದಾಟಿ ಇದರ ಮುಂದೆ ನಿಂತರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು.

"ಸಾರ್, ನಮ್ಮ ಬಸ್ಸಿಗೆ ಬಲಗಡೆ ಬಾಗಿಲು ಯಾವಾಗ ಬಂತು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಮೂವತ್ತು ವರ್ಷ ಆ ಬಾಗಿಲಲ್ಲಿ ನೇತಾಡಿದೀನಿ ಸಾರ್. ಅದು ಎಡಕ್ಕೇ ಇರೋದು" ಅಂದರು. ಪಕ್ಕದಲ್ಲಿದ್ದ ಮಕ್ಕಳು ನಕ್ಕರು.

ನೆಗೆಟಿವ್ ಅನ್ನು ತಿರುಗಾ ಮುರುಗಾ ಇಟ್ಟು ಸ್ಕ್ಯಾನ್ ಮಾಡಿದ್ದೆ. ಹೊಳೆಯುವ ಮಗ್ಗುಲು ನಮ್ಮ ಕಡೆ, ಮಾಸಲು ಮಗ್ಗುಲು ಆಚೆ ಕಡೆ ಇಟ್ಟು ನೋಡಿದರೆ ಚಿತ್ರ ನೆಟ್ಟಗೆ. ಕತ್ತಲೆ ಕೋಣೆಯಲ್ಲಿ ಬೆಳೆದವನು ಇದನ್ನು ಮರೆತೆ ಅಂದರೆ ಮಾವ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಅವತ್ತು ನಿದ್ದೆಗಣ್ಣಲ್ಲಿ ನಲವತ್ತು ನೆಗೆಟಿವ್ ಮಾಡಿದ್ದೆ. ಸಾಲದ್ದಕ್ಕೆ ಬೇಗ ಮುಗೀಲಿ ಅಂತ ಕಡಿಮೆ ಡಿಪಿಐ ಇಟ್ಟಿದ್ದೆ, ಬಸ್ಸಿನ ಅಕ್ಷರ ಕಾಣಲೇ ಇಲ್ಲ. ಸ್ಕ್ಯಾನಿನಲ್ಲಿ ಅಂಚಿನ ಫಿಲಂ ಹೆಸರು, ನಂಬರ್ ಎಲ್ಲ ಕತ್ತರಿಸಿ ಹಾಕಿದ್ದೆ. ಅದಿದ್ದರೆ ಅಕ್ಷರ ಉಲ್ಟಾ ಇದೆ ಅಂತ ಆಗಲೇ ತಿಳಿಯುತ್ತಿತ್ತು.

ನೆಗೆಟಿವ್ ಇದ್ದ ಮನೆಗೇ ಹೋಗಿ ಮತ್ತೆ ಸ್ಕ್ಯಾನ್ ಮಾಡಿದೆ. ಬಸ್ಸಿನ ಮೇಲೆ ಮಸುಕಾಗಿ ಎಂ.ಎಸ್.ಆರ್.ಟಿ.ಸಿ. ಬಂತು. ಕಟ್ಟಡ ರಸ್ತೆಯ ಆ ಬದಿಯದಲ್ಲ, ಈ ಬದಿಯದು. ನಾನು ಹೆಸರಿಟ್ಟ ಕಟ್ಟಡವೇ ಬೇರೆ, ಕೆಡವಿದ ಕಟ್ಟಡವೇ ಬೇರೆ. ಅವತ್ತಿನಿಂದ ಬೋರ್ಡು ಓದಲಾಗದ ಫೋಟೋ ಬಂದರೆ ಮೊದಲು ಜನರ ಬಟ್ಟೆ ನೋಡುತ್ತೇನೆ. ಶರ್ಟಿನ ಜೇಬು ಎಡಕ್ಕೆ ಇದೆಯಾ? ಹೆಂಗಸರ ಸೆರಗು ಎಡ ಭುಜದ ಮೇಲಿದೆಯಾ? ಎಲ್ಲರದ್ದೂ ಬಲಕ್ಕಿದ್ದರೆ ನೆಗೆಟಿವ್ ಮಗುಚಿದೆ. ಕಂಡಕ್ಟರ್ ಈಗ ನನ್ನ ಕಾಯಂ ಪರೀಕ್ಷಕರು. ಅವರು ನೋಡದೆ ಯಾವುದಕ್ಕೂ ಚೀಟಿ ಅಂಟಿಸುವುದಿಲ್ಲ.

ವಯಸ್ಸಾದವರ ಹತ್ತಿರ ಫೋಟೋ ಹಿಡಿದು "ಇದು ಯಾವ ಕಟ್ಟಡ?" ಅಂದರೆ ಗೊತ್ತಿಲ್ಲ ಅನ್ನುತ್ತಾರೆ. "ನೀವು ಕಟಿಂಗ್ ಎಲ್ಲಿ ಮಾಡಿಸ್ತಿದ್ರಿ? ದೋಸೆ ಎಲ್ಲಿ ತಿಂತಿದ್ರಿ? ಸಾಲ ಯಾರ ಅಂಗಡೀಲಿ?" ಅಂದರೆ ಕಟ್ಟಡ ತಾನಾಗಿ ಬರುತ್ತದೆ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಜಗಳ ಆಡುತ್ತಾರೆ, ಜಗಳದಲ್ಲಿ ವಿವರ ಜಾಸ್ತಿ.

ಕಂಪ್ಯೂಟರಿನಲ್ಲಿ ಈಗ ಹಳೇ ಫೋಟೋ ಹೊಸದು ಮಾಡುವ ಎಐ ಬಂದಿದೆ. ಒಮ್ಮೆ ಹಾಕಿ ನೋಡಿದೆ. ಮಸುಕಾದ ಬೋರ್ಡಿನ ಮೇಲೆ ಯಾವ ಭಾಷೆಗೂ ಸೇರದ ಚೆಂದದ ಅಕ್ಷರ ಹುಟ್ಟಿಸಿತು. ನಾಡಹೆಂಚನ್ನು ಮಂಗಳೂರು ಹೆಂಚು ಮಾಡಿತು. ಮನೆಯವರಿಗೆ ತಾತನ ಮುಖ ಬೇಕಾದರೆ ಮಾಡಿಕೊಳ್ಳಲಿ, ಊರಿನ ದಾಖಲೆಗೆ ಮಾತ್ರ ಬೇಡ.

ಕೊನೆಗೆ ಒಂದು ಸೇತುವೆ. ಫೋಟೋದಲ್ಲಿ ಮೂವರು ಮಕ್ಕಳು ಕಲ್ಲುಕಮಾನಿನ ಸಣ್ಣ ಸೇತುವೆಯ ಕಟ್ಟೆ ಮೇಲೆ ಕೂತಿದ್ದಾರೆ. ಕೆಳಗೆ ಕೆರೆ ಕೋಡಿಯ ನೀರು. ನಮ್ಮೂರಲ್ಲಿ ಕೆರೆಗಳು ಹೆಸರಾಗಿ ಉಳಿದಿವೆ. ಕಟ್ಟಿನಕೆರೆ ಅಂದರೆ ಈಗ ಮಾರ್ಕೆಟ್. ಹೊಸ ಬಸ್ ಸ್ಟ್ಯಾಂಡ್ ಇರುವುದು ಚನ್ನಪಟ್ಟಣ ಕೆರೆಯ ಅಂಗಳದಲ್ಲಿ. ಕೆರೆ ಹೋದರೆ ಕೋಡಿ ಹೋಯಿತು, ಕೋಡಿ ಹೋದರೆ ಸೇತುವೆ ಯಾಕೆ?

ಜಾಗ ಹಿಡಿಯಲು ನನ್ನ ಉಪಾಯ ಇದು. ಫೋಟೋದಲ್ಲಿ ಹತ್ತಿರದ್ದೊಂದು, ದೂರದ್ದೊಂದು ಒಂದರ ಮೇಲೊಂದು ಬಂದಿರುವ ಕಡೆ ಹುಡುಕಬೇಕು. ಇಲ್ಲಿ ಒಂದು ಸಣ್ಣ ಗುಡಿಯ ಎಡ ಮೂಲೆ ದೂರದ ಗುಡ್ಡದ ತಗ್ಗಿಗೆ ಸರಿಯಾಗಿ ತಾಗಿತ್ತು. ಗುಡಿ ಇನ್ನೂ ಇದೆ, ಗುಡ್ಡವೂ ಇದೆ. ನಾನು ಬಲಕ್ಕೆ ಸರಿದರೆ ಹತ್ತಿರದ ಗುಡಿ ಗುಡ್ಡದ ಮುಂದೆ ಎಡಕ್ಕೆ ಸರಿದ ಹಾಗೆ ಕಾಣುತ್ತದೆ. ಎಡಕ್ಕೆ ಸರಿದರೆ ಬಲಕ್ಕೆ. ತಾಗುವ ತನಕ ಸರಿಯಬೇಕು. ಆಗ ಒಂದು ಗೆರೆ ಸಿಕ್ಕಿತು. ಇನ್ನೊಂದು ಜೋಡಿಗೆ ಅರಳಿಕಟ್ಟೆಯ ಕಲ್ಲು ಮತ್ತು ಒಂದು ಹಳೇ ಗೋಪುರ ತಗೊಂಡೆ. ಮರವನ್ನು ನಂಬಬಾರದು, ಅದು ಬೆಳೆದಿರುತ್ತದೆ. ಎರಡು ಗೆರೆ ಕೂಡುವಲ್ಲಿ ಅವತ್ತು ಕ್ಯಾಮೆರಾ ಇತ್ತು. ಮೊಬೈಲ್ ಲೆನ್ಸು ಹಳೇ ಕ್ಯಾಮೆರಾಗಿಂತ ಅಗಲವಾಗಿ ನೋಡುತ್ತದೆ, ಸ್ವಲ್ಪ ಜೂಮ್ ಬೇಕು. ನಾನು ನಿಂತದ್ದು ಒಂದು ಟೈರ್ ಅಂಗಡಿಯ ಮೆಟ್ಟಿಲ ಮೇಲೆ. ಮಾಲೀಕ ಎರಡು ಸಲ "ಏನ್ ಬೇಕಿತ್ತು ಸಾರ್?" ಅಂದ.

ಹೀಗೇ ಹುಡುಕುವವರಿಗೆ ಇನ್ನೊಂದು ಮಾತು. ಹೇಮಾವತಿ ಅಣೆಕಟ್ಟಿನ ಹಿನ್ನೀರಿನ ಕಡೆ, ಅಂದರೆ ಶೆಟ್ಟಿಹಳ್ಳಿ ಚರ್ಚಿನ ಸುತ್ತ, ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ತುಂಬಿ ನೀವು ನಿಲ್ಲಬೇಕಾದ ಜಾಗವೇ ಮುಳುಗಿರುತ್ತದೆ.

ಸೇತುವೆ ಫೋಟೋದ ನಡುವಿನ ಹುಡುಗಿಗೆ ಈಗ ಎಪ್ಪತ್ತು ದಾಟಿದೆ. ಫೋಟೋ ಕೊಟ್ಟಿದ್ದು ಅವರೇ. ಒಂದು ಭಾನುವಾರ ಬೆಳಗ್ಗೆ ಆಟೋದಲ್ಲಿ ಕರೆದುಕೊಂಡು ಹೋದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ, "ಇಲ್ಲೇ ಅಮ್ಮ, ನೀವು ಕೂತಿದ್ದು" ಅಂದೆ. ಅವರು ಕೆಳಗೆ ಟಾರು ನೋಡಿದರು, ಸುತ್ತ ನೋಡಿದರು.

"ಹಂಗಾದ್ರೆ ನೀರು ಈಗ ಎಲ್ಲಿ ಹೋಗುತ್ತೆ?"

ಟೈರ್ ಅಂಗಡಿ ಹಿಂದೆ ಕರೆದುಕೊಂಡು ಹೋಗಿ ಸಿಮೆಂಟ್ ಪೈಪಿನ ಬಾಯಿ ತೋರಿಸಿದೆ. ಬಗ್ಗಿ ನೋಡಿದರು. ಪೈಪಿನ ಪಕ್ಕದ ಗೋಡೆಗೆ ಇಟ್ಟಿಗೆ ಸಾಲದೇ ಎರಡು ಕೆತ್ತಿದ ಕಲ್ಲು ಸೇರಿಸಿದ್ದರು. ಒಂದರ ಅಂಚು ಕಮಾನಿಗೆ ಕೊಟ್ಟ ಹಾಗೆ ಓರೆಯಾಗಿತ್ತು. ಎರಡು ತಿಂಗಳು ಅದೇ ದಾರಿಯಲ್ಲಿ ಓಡಾಡಿದ್ದರೂ ನಾನು ಅದನ್ನು ನೋಡಿರಲಿಲ್ಲ. ಅವರೇ ಕೈ ತೋರಿಸಿದ್ದು.