ಚರ್ಮದ ಅಲರ್ಜಿಯ ಪಥ್ಯ: ಬಿಟ್ಟದ್ದನ್ನು ಮತ್ತೆ ತಿನ್ನುವುದು ಹೇಗೆ?

ಮುಂಬೈಯ ನಮ್ಮ ಮನೆಗಳಲ್ಲಿ ಯಾರಿಗಾದರೂ ಮೈ ತುರಿಸಿದರೆ ಸಾಕು, ನಂಜು ಅಂತ ಬದನೆ, ಮೀನು, ಮೊಟ್ಟೆ, ಹಾಲು ಎಲ್ಲವೂ ಒಂದೇ ದಿನ ಬಂದ್. ಆಮೇಲೆ ಯಾವುದೋ ಮದುವೆ ಊಟದಲ್ಲಿ ಎಲ್ಲವನ್ನೂ ಒಟ್ಟಿಗೆ ತಿನ್ನುತ್ತಾರೆ. ಮತ್ತೆ ತುರಿಕೆ ಬಂದರೆ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು?

ಮೊದಲು ಚರ್ಮದ ಡಾಕ್ಟರನ್ನು ನೋಡಿ. ಎಷ್ಟೋ ಜನರ ಇಸುಬಿಗೆ ಊಟ ಕಾರಣವೇ ಅಲ್ಲ. ಮಕ್ಕಳಿಗೆ ಹಾಲು ನೀವಾಗಿಯೇ ನಿಲ್ಲಿಸಬೇಡಿ. ನೂರಾರು ಆಹಾರಗಳಿಗೆ ಮಾಡುವ ಐಜಿಜಿ ಅನ್ನುವ ರಕ್ತದ ಟೆಸ್ಟಿಗೆ ದುಡ್ಡು ಸುರಿಯಬೇಡಿ. ನೀವು ಆ ಪದಾರ್ಥ ತಿಂದಿದ್ದೀರಿ ಅನ್ನುವುದಕ್ಕಿಂತ ಹೆಚ್ಚೇನೂ ಅದು ಹೇಳುವುದಿಲ್ಲ.

ಎರಡನೆಯದು, ತಿಂದದ್ದು ಮತ್ತು ತುರಿಸಿದ್ದು, ಎರಡರ ಹೊತ್ತನ್ನೂ ಬರೆದಿಡಿ. ಊಟದಿಂದ ಬರುವ ದದ್ದು ಸಾಮಾನ್ಯವಾಗಿ 2 ಗಂಟೆಯೊಳಗೆ ಏಳುತ್ತದೆ. ಇಸುಬು ಕೆರಳಲು ಒಂದೆರಡು ದಿನವೂ ಹಿಡಿಯಬಹುದು.

ಮೂರನೆಯದು, ಡಾಕ್ಟರ್ ಒಪ್ಪಿದರೆ, ಅನುಮಾನ ಇರುವ ಒಂದೆರಡನ್ನು ಮಾತ್ರ 2ರಿಂದ 4 ವಾರ ಬಿಡಿ. ಶೇಂಗಾ ಬಿಟ್ಟವರು ಸಾಬುದಾನಾ ಖಿಚಡಿ ಮರೆಯುತ್ತಾರೆ, ವಡಾಪಾವಿನ ಒಣ ಚಟ್ನಿಯನ್ನೂ ಮರೆಯುತ್ತಾರೆ. ಗೋಧಿ ಬಿಟ್ಟವರು ಪುಡಿ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಅದರಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಮಾಮೂಲು. ಬಿಡಿಯಾಗಿ ತೂಗಿ ಕೊಡುವ ಫರ್ಸಾಣ್ (ಖಾರದ ಕುರುಕಲು ತಿಂಡಿ) ಅಂತೂ ಬೇಡವೇ ಬೇಡ, ಅದರಲ್ಲಿ ಏನೇನಿದೆ ಅಂತ ಗೊತ್ತಾಗುವುದಿಲ್ಲ.

ಈಗ ಜನ ಎಡವುವ ಜಾಗ: ಮತ್ತೆ ತಿನ್ನುವುದು. ತುಟಿ ಊದಿದ, ಉಸಿರು ಕಟ್ಟಿದ ಅನುಭವ ಇದ್ದವರು ಇದನ್ನು ಮನೆಯಲ್ಲಿ ಮಾಡಲೇಬಾರದು. ಮೊದಲು ಸುಮ್ನೆ ತಿನ್ನುತ್ತಿದ್ದ ಪದಾರ್ಥವೂ ಬಿಟ್ಟು ತಿಂದಾಗ ಜೋರಾಗಿ ತಿರುಗಿಬೀಳಬಹುದು, ಇಸುಬಿನ ಮಕ್ಕಳಲ್ಲಂತೂ ಎಚ್ಚರ. ಉಳಿದವರು ಡಾಕ್ಟರ್ ಸಿಗುವ ದಿನ ನೋಡಿ, ಬೆಳಗ್ಗೆ ಶುರು ಮಾಡಿ. ಒಂದು ಸಲಕ್ಕೆ ಒಂದೇ ಪದಾರ್ಥ, ಅದೂ ಸಪ್ಪೆಯಾಗಿ. ಮೊಟ್ಟೆ ಅಂದರೆ ಮಸಾಲಾ ಆಮ್ಲೆಟ್ ಅಲ್ಲ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಬೆರಳ ತುದಿಯಷ್ಟು ಚೂರು. ಮರುದಿನ ಅರ್ಧ, ಮೂರನೇ ದಿನ ಇಡೀ ಮೊಟ್ಟೆ. ಆಮೇಲೆ ಮೂರು ದಿನ ಕಾಯಿರಿ. ಆ ವಾರ ಹೊಸ ಸೋಪೂ ಬೇಡ, ಹೊಸ ಮುಲಾಮೂ ಬೇಡ. ತುರಿಕೆಯ ಮಾತ್ರೆ ನುಂಗಿ ಪರೀಕ್ಷೆ ಮಾಡಿದರೆ ದದ್ದು ಅಡಗಿಬಿಡುತ್ತದೆ, ಎಷ್ಟು ದಿನ ಮೊದಲೇ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಬಂಗುಡೆ, ಬೂತಾಯಿ ವಿಷಯ ಬೇರೆ. ಐಸ್ ಇಲ್ಲದೆ ಬಿಸಿಲಲ್ಲಿ ಕೂತ ಮೀನಿನಲ್ಲಿ ತುರಿಕೆ ತರಿಸುವ ಹಿಸ್ಟಮೈನ್ ಅನ್ನುವ ರಾಸಾಯನಿಕ ಜಾಸ್ತಿಯಾಗುತ್ತದೆ. ಗಸಿ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದರೆ ಮುಖ ಕೆಂಪಾಗಿ ಮೈ ತುರಿಸುತ್ತದೆ, ಥೇಟ್ ಅಲರ್ಜಿಯ ಹಾಗೆ. ಹಾಗಾಗಿ ಪರೀಕ್ಷೆಗೆ ಐಸ್‌ನಲ್ಲಿಟ್ಟ ತಾಜಾ ಮೀನನ್ನೇ ಬೆಳಗ್ಗೆ ತಂದು ಅವತ್ತೇ ಅಡುಗೆ ಮಾಡಿ. ಏನೂ ಆಗದಿದ್ದರೆ ಮೀನನ್ನು ದಿನದ ಊಟಕ್ಕೆ ಸೇರಿಸಿ, ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗಿ.