ದೂರದಿಂದ ಕೆಲಸ ಮಾಡೋ ಟೀಮಲ್ಲಿ ಯಾರೂ ಹೊರಗುಳೀಬಾರ್ದು ಅಂದ್ರೆ ಮೊದಲು ಫೈಲ್ ಸರಿ ಮಾಡಿ

ಆಫೀಸು ಶಿವಮೊಗ್ಗದಲ್ಲಿ, ಲೆಕ್ಕ ನೋಡೋರು ತೀರ್ಥಹಳ್ಳಿ ಹತ್ರ ಮನೇಲಿ, ಆರ್ಡರ್ ತಗೊಳೋರು ಸಾಗರದಲ್ಲಿ, ಹೀಗೆ ನಡೆಯೋ ಉಪ್ಪಿನಕಾಯಿ, ಅಡಿಕೆ, ಡಿಟಿಪಿ ವ್ಯವಹಾರ ಈಗ ಬೇಕಾದಷ್ಟಿವೆ. ಇಂಥ ಕಡೆ ಕಣ್ಣು ಕಾಣದೋರನ್ನೋ ಕಿವಿ ಕೇಳದೋರನ್ನೋ ಸೇರಿಸ್ಕೊಂಡು, ಆಮೇಲೆ ‘ಅವರಿಗೆ ಹೊಂದ್ಕೊಳಕ್ಕೆ ಆಗ್ಲಿಲ್ಲ’ ಅಂತ ಕಳ್ಸಿಬಿಡೋದನ್ನ ನೋಡಿ ನೋಡಿ ಇದನ್ನ ಬರೀತಿದೀನಿ.

ಮೊದಲ್ನೇದು, ಕೇಳಿ. ಟೀಮಲ್ಲಿರೋ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ, ಮೆಸೇಜ್ ಸುಲಭನಾ ಕಾಲ್ ಸುಲಭನಾ, ನೆಟ್‌ವರ್ಕ್ ಯಾವಾಗ ಸಿಗುತ್ತೆ ಅಂತ. ಅಂಗವೈಕಲ್ಯದ ಸರ್ಟಿಫಿಕೇಟ್ ತೋರ್ಸಿ ಅನ್ಬೇಡಿ.

ಎರಡ್ನೇದು ಫೈಲು. ಎಲ್ಲರೂ ಎಡವೋದು ಇಲ್ಲೇ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ರೇಟ್ ಲಿಸ್ಟು ನಮ್ಮ ಕಣ್ಣಿಗೆ ಚೆಂದ ಕನ್ನಡ, ಆದ್ರೆ ಆ ಅಕ್ಷರದ ಹಿಂದೆ ಕಂಪ್ಯೂಟರ್‌ಗೆ ಸಿಗೋದು ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳು. ಕಣ್ಣು ಕಾಣದೋರು ಬಳಸೋ, ಸ್ಕ್ರೀನಲ್ಲಿರೋದನ್ನ ಗಟ್ಟಿಯಾಗಿ ಓದಿ ಹೇಳೋ ಎನ್‌ವಿಡಿಎ ಅನ್ನೋ ಸಾಫ್ಟ್‌ವೇರ್ ಅದನ್ನೇ ಓದುತ್ತೆ, ಹಂಗಾಗಿ ‘ಅಡಿಕೆ’ ಅನ್ನೋ ಕಡೆ ಅರ್ಥವಿಲ್ಲದ ಶಬ್ದ ಕೇಳ್ಸುತ್ತೆ. ಪರೀಕ್ಷೆ ಸುಲಭ, ಫೈಲಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿ. ಕನ್ನಡ ಬಂದ್ರೆ ಅದು ಯೂನಿಕೋಡ್, ಅಂದ್ರೆ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗೋ ಅಕ್ಷರ, ಸರಿ ಇದೆ. ಚಿತ್ರವಿಚಿತ್ರ ಬಂದ್ರೆ ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ, ರೇಟಿನ ಅಂಕಿ ಎಲ್ಲಾ ಕೂತು ನೋಡಿ, ಕನ್ವರ್ಟರ್‌ಗಳು ತಪ್ಪೋದು ಅಲ್ಲೇ. ಸಾಲು ಸೆಲೆಕ್ಟೇ ಆಗ್ಲಿಲ್ಲ ಅಂದ್ರೆ ಅದು ಬರೀ ಫೋಟೋ, ಗೂಗಲ್ ಡ್ರೈವಿಗೆ ಹಾಕಿ ಡಾಕ್ಸಲ್ಲಿ ಓಪನ್ ಮಾಡಿದ್ರೆ ಕನ್ನಡನೂ ಅಕ್ಷರವಾಗಿ ಬರುತ್ತೆ, ತಿದ್ದೋ ಕೆಲ್ಸ ಇದ್ದೇ ಇರುತ್ತೆ. ಇನ್ಮೇಲೆ ಟೈಪ್ ಮಾಡೋದೆಲ್ಲಾ ಯೂನಿಕೋಡಲ್ಲೇ ಇರ್ಲಿ, ಪ್ರೆಸ್ಸಿನೋರು ಹಳೇ ಫಾಂಟ್ ಕೇಳಿದ್ರೆ ಅವರಿಗೆ ಮಾತ್ರ ಬೇರೆ ಕಾಪಿ ಕೊಡಿ.

ಎಕ್ಸೆಲ್ಲಲ್ಲಿ ‘ಕೆಂಪು ಸಾಲೆಲ್ಲಾ ಬಾಕಿ’ ಅನ್ನೋ ಅಭ್ಯಾಸ ಬಿಡಿ, ‘ಬಾಕಿ’ ಅಂತ ಒಂದು ಕಾಲಂ ಮಾಡಿ, ಸೆಲ್ ಮರ್ಜ್ ಮಾಡ್ಬೇಡಿ. ಮಾಡಿದ್ದನ್ನ ಪರೀಕ್ಷಿಸೋಕೆ ನೀವೇ ಎನ್‌ವಿಡಿಎ ಹಾಕ್ಕೊಳಿ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನೋ ದೃಷ್ಟಿಹೀನ ಪ್ರೋಗ್ರಾಮರ್ 2006ರಲ್ಲಿ ಶುರು ಮಾಡಿದ್ದು ಅದು, ಪೂರ್ತಿ ಉಚಿತ, ಕನ್ನಡನೂ ಓದುತ್ತೆ, ಮಾನಿಟರ್ ಆಫ್ ಮಾಡಿ ನಿಮ್ದೇ ರೇಟ್ ಲಿಸ್ಟ್ ಕೇಳಿ ನೋಡಿ. ವೆಬ್‌ಸೈಟಿಗೆ ಒಂದು ಸಾಲು ಕೋಡ್ ಹಾಕಿದ್ರೆ ಎಲ್ಲಾ ಸರಿಯಾಗುತ್ತೆ ಅಂತ ಮಾರೋರು ಬರ್ತಾರೆ, ದುಡ್ಡು ಕೊಡ್ಬೇಡಿ, ನಿಮ್ಮ ಫೈಲೊಳಗಿನ ತಪ್ಪನ್ನ ಅದು ಮುಟ್ಟೋದೂ ಇಲ್ಲ.

ಮೂರು, ವಾಯ್ಸ್ ನೋಟ್. ಕಳ್ಸಿ, ಕೆಳಗೆ ಎರಡು ಸಾಲು ಟೈಪೂ ಮಾಡಿ. ಫೋಟೋಗೂ ಅಷ್ಟೇ.

ನಾಲ್ಕು, ಮೀಟಿಂಗು. ಎಲ್ಲರೂ ವಿಡಿಯೋ ಆನ್ ಇಡ್ಬೇಕು ಅನ್ನೋ ರೂಲ್ ಹೊಸನಗರದ ಕಡೆ ನೆಟ್‌ವರ್ಕಲ್ಲಿ ನಡೆಯಲ್ಲ, ಆದ್ರೆ ತುಟಿ ನೋಡಿ ಅರ್ಥ ಮಾಡ್ಕೊಳೋರು ಇದ್ರೆ ಮಾತಾಡೋರದ್ದಾದ್ರೂ ಆನ್ ಇರ್ಲಿ, ಮುಖದ ಮೇಲೆ ಬೆಳಕು ಬೀಳ್ಲಿ, ಒಬ್ಬರು ಮುಗ್ಸಿದ ಮೇಲೆ ಇನ್ನೊಬ್ಬರು ಹೆಸರು ಹೇಳಿ ಶುರು ಮಾಡ್ಲಿ. ಆಂಡ್ರಾಯ್ಡಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡ ಮಾತನ್ನ ಅಕ್ಷರ ಮಾಡುತ್ತೆ, ಫೋನನ್ನ ಸ್ಪೀಕರ್ ಹತ್ರ ಇಟ್ರೆ ಸಾಕು. ಆದ್ರೆ ನಮ್ಮ ಮಲೆನಾಡ ಮಾತಿನ ಜೊತೆ ಇಂಗ್ಲಿಷ್ ಸೇರಿದ್ರೆ ಅದು ತಪ್ಪುತ್ತೆ, ಅದಕ್ಕೆ ಏನು ತೀರ್ಮಾನ ಆಯ್ತು, ಯಾರು ಯಾವತ್ತು ಮಾಡ್ಬೇಕು ಅನ್ನೋದನ್ನ ಒಬ್ಬರು ಚಾಟಲ್ಲಿ ಬರೀಲೇಬೇಕು. ಕರೆಂಟು ಹೋಗಿ ಅರ್ಧಕ್ಕೆ ಕಟ್ ಆದೋರಿಗೂ ಅದೇ ಆಧಾರ.

ಇನ್ನು ಕಾಗದದ ಕೆಲ್ಸ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಪ್ರತಿ ಸಂಸ್ಥೆನೂ ಸಮಾನ ಅವಕಾಶ ನೀತಿ ಪ್ರಕಟಿಸ್ಬೇಕು, ನಮ್ದು ಸಣ್ಣದು ಅಂತ ಬಿಡೋಹಂಗಿಲ್ಲ. ಮೇಲೆ ಹೇಳಿದ್ದನ್ನೆಲ್ಲಾ ಅದರಲ್ಲಿ ಸೇರ್ಸಿ, ಯೂನಿಕೋಡಲ್ಲೇ ಟೈಪ್ ಮಾಡಿ, ಗ್ರೂಪಲ್ಲಿ ಪಿನ್ ಮಾಡಿ. ಮಳೆಗಾಲದಲ್ಲಿ ಕರೆಂಟು ನೆಟ್‌ವರ್ಕು ಎರಡೂ ಹೋದ ದಿನ ತಡವಾದ್ರೆ ಸಂಬಳ ಹಿಡಿಯಲ್ಲ ಅನ್ನೋದನ್ನೂ ಅದರಲ್ಲೇ ಬರೀರಿ.