ನ್ಯಾಚುರಲ್ ಬ್ರಿಡ್ಜ್: ಸೇತುವೆ ನೋಡಿ ವಾಪಸ್ ಬರಬೇಡಿ, ಜಲಪಾತದವರೆಗೂ ನಡೆಯಿರಿ

ಅಮೆರಿಕದ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ವಾಷಿಂಗ್ಟನ್‌ನ ಶ್ವೇತಭವನ, ಮ್ಯೂಸಿಯಂ ಎಲ್ಲ ಮುಗಿದ ಮೇಲೆ 'ಇನ್ನೆಲ್ಲಿಗೆ?' ಎಂಬ ಮಾತು ಬಂದೇ ಬರುತ್ತದೆ. ಪಕ್ಕದ ವರ್ಜೀನಿಯಾ ರಾಜ್ಯದಲ್ಲಿರುವ ನ್ಯಾಚುರಲ್ ಬ್ರಿಡ್ಜ್ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ತಿರುಮಲೆಯ ಶಿಲಾತೋರಣ ನೋಡಿದವರಿಗೆ ಕಲ್ಲಿನ ಕಮಾನು ಹೊಸದಲ್ಲ. ಆದರೆ ಅದು ಸುಮಾರು 10 ಅಡಿ ಎತ್ತರ, ಇದು 215 ಅಡಿ. ಇದರ ಅಡಿಯಲ್ಲೇ ನಡೆದು ಮುಂದೆ ಹೋದರೆ ದಾರಿಯ ಕೊನೆಗೆ ಲೇಸ್ ಫಾಲ್ಸ್ ಎಂಬ ಜಲಪಾತ ಸಿಗುತ್ತದೆ. ಎಷ್ಟೋ ಜನ ಸೇತುವೆ ಕೆಳಗೆ ಫೋಟೊ ತೆಗೆಸಿಕೊಂಡು ಅಲ್ಲಿಂದಲೇ ತಿರುಗಿಬಿಡುತ್ತಾರೆ. ಅವರಿಗೆ ಅರ್ಧ ಜಾಗವೇ ಸಿಕ್ಕಂತಾಯಿತು.

ಹೋಗುವ ಮುಂಚೆ

ವಾಷಿಂಗ್ಟನ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. 81ನೇ ನಂಬರ್ ಇಂಟರ್‌ಸ್ಟೇಟ್ ಹಿಡಿದು ದಕ್ಷಿಣಕ್ಕೆ ಬಂದರೆ ಲೆಕ್ಸಿಂಗ್ಟನ್ ಊರು ದಾಟಿದ ಸ್ವಲ್ಪ ಹೊತ್ತಿಗೆ ಪಾರ್ಕ್. ಜಿಪಿಎಸ್‌ನಲ್ಲಿ ವಿಸಿಟರ್ ಸೆಂಟರ್ ಎಂದೇ ಹಾಕಿ. ಯಾಕೆಂದರೆ 11ನೇ ನಂಬರ್ ಹೆದ್ದಾರಿ ಈ ಸೇತುವೆಯ ಬೆನ್ನ ಮೇಲೆಯೇ ಹಾದುಹೋಗುತ್ತದೆ. ಕಾರಿನಲ್ಲಿ ಕೂತವರಿಗೆ ಬೇಲಿ, ಮರಗಳು ಬಿಟ್ಟರೆ ಏನೂ ಕಾಣುವುದಿಲ್ಲ. ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ.

ವರ್ಜೀನಿಯಾದ ಬೇರೆ ಸ್ಟೇಟ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ಕಾರಿಗೆ ದುಡ್ಡು. ಇಲ್ಲಿ ತಲೆಗಿಷ್ಟು ಎಂದು ಟಿಕೆಟ್. ಹೊರಡುವ ದಿನ ಬೆಳಿಗ್ಗೆ ಪಾರ್ಕ್‌ನ ವೆಬ್‌ಸೈಟ್ ಒಮ್ಮೆ ನೋಡಿ. ಮಳೆ ಜಾಸ್ತಿಯಾಗಿ ಹಳ್ಳ ಉಕ್ಕಿದರೆ, ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದರೆ ದಾರಿ ಮುಚ್ಚುತ್ತಾರೆ. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೋಡಲು ಚೆಂದ, ಜನವೂ ಜಾಸ್ತಿ. ಜಲಪಾತದಲ್ಲಿ ನೀರು ಚೆನ್ನಾಗಿರಬೇಕು ಎಂದರೆ ನನ್ನ ಆಯ್ಕೆ ಏಪ್ರಿಲ್, ಮೇ.

ಚಪ್ಪಲಿ ಬೇಡ, ಶೂ ಇರಲಿ. ಸೀರೆ ಉಡುವವರಿಗೂ ಇದೇ ಮಾತು.

ಇಳಿಯುವುದು

ವಿಸಿಟರ್ ಸೆಂಟರ್‌ನಿಂದ ಕೆಳಗೆ 137 ಮೆಟ್ಟಿಲು. ಇಳಿಯುವಾಗ ಸುಲಭ. ವಾಪಸ್ ಹತ್ತಬೇಕಲ್ವಾ, ಅದನ್ನು ಈಗಲೇ ಯೋಚಿಸಿ. ಮಂಡಿನೋವು ಇರುವವರು ಜೊತೆಗಿದ್ದರೆ ಟಿಕೆಟ್ ಕೌಂಟರ್‌ನಲ್ಲೇ 'ಇವತ್ತು ಶಟಲ್ ವ್ಯಾನ್ ಇದೆಯಾ, ಕೊನೆಯದು ಎಷ್ಟು ಹೊತ್ತಿಗೆ?' ಎಂದು ಕೇಳಿಕೊಳ್ಳಿ. ನೀರಿನ ಬಾಟಲಿ ತುಂಬಿಸಿಕೊಂಡು, ಶೌಚಾಲಯಕ್ಕೂ ಹೋಗಿ ಬಂದು ಇಳಿಯಿರಿ. ಕೆಳಗೆ ಹೋದ ಮೇಲೆ ನೆನಪಾದರೆ ಕಷ್ಟ.

ಮೆಟ್ಟಿಲ ಪಕ್ಕದಲ್ಲೇ ಸಣ್ಣ ತೊರೆಯೊಂದು ಕಲ್ಲಿಂದ ಕಲ್ಲಿಗೆ ಜಾರುತ್ತಾ ಜೊತೆಗೆ ಬರುತ್ತದೆ. ಇಲ್ಲಿ ಆರ್ಬರ್‌ವೀಟೆ ಎಂಬ ಹಳೇ ಮರಗಳಿವೆ. ಅವುಗಳಲ್ಲಿ ಒಂದು ಸುಮಾರು 1,600 ವರ್ಷ ಬದುಕಿ 1980ರಲ್ಲಿ ಸತ್ತಿತು.

ಸೇತುವೆಯ ಅಡಿಯಲ್ಲಿ

ಇಲ್ಲಿ ಆತುರ ಬೇಡ. ಸುಮ್ನೆ ನಿಂತು ಕತ್ತೆತ್ತಿ ನೋಡಿ. ಪಕ್ಕದಲ್ಲಿ ಹರಿಯುತ್ತಿರುವ ಸೀಡರ್ ಕ್ರೀಕ್ ನೋಡಲು ಸಾಧಾರಣ ಹಳ್ಳ. ಇಷ್ಟೆಲ್ಲ ಕೆಲಸ ಮಾಡಿದ್ದು ಅದೇ. ಈ ಬೆಟ್ಟ ಸುಣ್ಣಕಲ್ಲಿನದು. ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾದ ನೀರು ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಹಾಗೆ ಕರಗಿಸುತ್ತಾ ನೀರು ನೆಲದೊಳಗೆ ಸುರಂಗ ಕೊರೆಯಿತು. ಕಾಲಕ್ರಮೇಣ ಸುರಂಗದ ಚಾವಣಿ ಕುಸಿಯಿತು. ಕುಸಿಯದೆ ಉಳಿದ ಒಂದು ತುಂಡು ಈ ಸೇತುವೆ.

ಇದು ಮೊನಕನ್ ಎಂಬ ಮೂಲನಿವಾಸಿಗಳು ಪೂಜ್ಯವೆಂದು ನಂಬಿದ ಜಾಗ. ಅಮೆರಿಕ ಸ್ವತಂತ್ರವಾಗುವ ಮುಂಚೆ, 1774ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಸೇತುವೆ ಸಮೇತ 157 ಎಕರೆಯನ್ನು ಇಂಗ್ಲೆಂಡಿನ ದೊರೆಯಿಂದ 20 ಶಿಲಿಂಗ್‌ಗೆ ಕೊಂಡರು. ಇದನ್ನು ಸಾರ್ವಜನಿಕರ ಪರವಾಗಿ ಇಟ್ಟುಕೊಂಡಿದ್ದೇನೆ, ಇದಕ್ಕೆ ಹಾನಿಯಾಗಲು ಬಿಡುವುದಿಲ್ಲ ಎಂದು ಅವರು ಪತ್ರವೊಂದರಲ್ಲಿ ಬರೆದರು. ಆಮೇಲೆ ಬಹುಕಾಲ ಖಾಸಗಿಯವರ ಕೈಯಲ್ಲೇ ಇದ್ದು, 2016ರಲ್ಲಿ ಸ್ಟೇಟ್ ಪಾರ್ಕ್ ಆಯಿತು. ಗೋಡೆಯ ಮೇಲೆ ಕೆತ್ತಿರುವ 'ಜಿ.ಡಬ್ಲ್ಯು.' ಅಕ್ಷರಗಳನ್ನು ಹುಡುಕಿ. ಜಾರ್ಜ್ ವಾಷಿಂಗ್ಟನ್ ಯುವಕನಾಗಿದ್ದಾಗ ಕೆತ್ತಿದ್ದು ಎಂದು ಜನ ಹೇಳುತ್ತಾರೆ. ಮಕ್ಕಳು ಅದನ್ನು ನೋಡಿ ತಾವೂ ಹೆಸರು ಕೆತ್ತಲು ಹೊರಟರೆ ಖಂಡಿತ ತಡೆಯಿರಿ.

ಫೋಟೊಗೆ ಒಂದು ಉಪಾಯ. ನಿಮ್ಮವರನ್ನು ಕ್ಯಾಮೆರಾ ಮುಂದೆ ನಿಲ್ಲಿಸದೆ ಕಮಾನಿನ ನೇರ ಕೆಳಗೆ ಕಳಿಸಿ. ನೀವು ಹಿಂದಕ್ಕೆ ಬಂದು ಮೊಬೈಲ್ ನೆಟ್ಟಗೆ ಹಿಡಿಯಿರಿ. ಮನುಷ್ಯ ಚಿಕ್ಕದಾಗಿ ಕಂಡಾಗಲೇ ಕಲ್ಲಿನ ಎತ್ತರ ತಿಳಿಯುವುದು.

ಮುಂದೆ ನಡೆಯಿರಿ

ವಿಸಿಟರ್ ಸೆಂಟರ್‌ನಿಂದ ಜಲಪಾತಕ್ಕೆ ಒಟ್ಟು ಸುಮಾರು ಒಂದೂವರೆ ಕಿಲೋಮೀಟರ್. ಸೇತುವೆ ದಾಟಿದ ಮೇಲೆ ಹಳ್ಳದ ಹರಿವಿಗೆ ಎದುರಾಗಿ ನಡೆಯುತ್ತೀರಿ. ಮೆಟ್ಟಿಲಿನಂಥ ಏರು ಅಷ್ಟಾಗಿ ಇಲ್ಲ. ದಾರಿಯಲ್ಲಿ ಮೊನಕನ್ ಜನರ ಹಳ್ಳಿಯ ಮಾದರಿ ಇದೆ. ಮುಂದೆ ಒಂದು ಗುಹೆ. ಅಮೆರಿಕ ಮತ್ತು ಬ್ರಿಟನ್ ನಡುವೆ ನಡೆದ 1812ರ ಯುದ್ಧದ ಕಾಲದಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ಇಲ್ಲಿಂದ ತೆಗೆದರು.

ನನಗೆ ಈ ದಾರಿಯಲ್ಲಿ ಎಲ್ಲಕ್ಕಿಂತ ಇಷ್ಟ ಲಾಸ್ಟ್ ರಿವರ್. ಬಂಡೆಯಲ್ಲಿ ಒಂದು ಬಾಯಿ, ಅದರೊಳಗೆ ನೀರು ಹರಿಯುತ್ತದೆ. ಹತ್ತಿರ ಹೋದರೆ ಮೊದಲು ಸದ್ದು, ಆಮೇಲೆ ನೀರು. ಬಣ್ಣ ಹಾಕಿ ನೋಡಿದರು, ತೇಲುವ ವಸ್ತು ಬಿಟ್ಟು ನೋಡಿದರು. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಪತ್ತೆಯಾಗಲಿಲ್ಲ. ಸೇತುವೆ ಹೇಗಾಯಿತು ಎಂದು ಓದಿ ತಿಳಿದುಕೊಂಡಿದ್ದು ಇಲ್ಲಿ ಕಣ್ಣೆದುರೇ ಕಾಣುತ್ತದೆ: ನೀರು ಈಗಲೂ ಕಲ್ಲಿನೊಳಗೆ ಓಡಾಡುತ್ತಿದೆ.

ಕೊನೆಗೆ ಲೇಸ್ ಫಾಲ್ಸ್. ಜೋಗ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ, ಇದು ಸುಮಾರು 30 ಅಡಿ. ಕಲ್ಲಿನ ಪದರಗಳ ಮೇಲೆ ನೀರು ತೆಳ್ಳಗೆ ಹರಡಿ, ಒಂದೊಂದು ಪದರಕ್ಕೂ ತಡೆದು ಇಳಿಯುತ್ತದೆ. ಸ್ವಲ್ಪ ದೂರದಿಂದ ನಿಂತೇ ನೋಡಬೇಕು. ನೀರಿಗೆ ಇಳಿಯಬೇಡಿ.

ವಾಪಸ್ ಬರುವುದೂ ಇದೇ ದಾರಿ. ನಿಧಾನವಾಗಿ ನೋಡುತ್ತಾ ಹೋಗಿ ಬರಲು ಎರಡೂವರೆ ಗಂಟೆ ಸಾಕು. ಹಿರಿಯರು ಮೆಟ್ಟಿಲ ಬುಡದಲ್ಲಿ ಸ್ವಲ್ಪ ಕೂತು ಹತ್ತಲಿ. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರೆ ಮೇಲೆ ಬಂದ ಮೇಲೆ ತಿನ್ನಿ. ಹತ್ತಿರದಲ್ಲೇ ನೆಲದಡಿಯ ಗುಹೆಗಳನ್ನು ತೋರಿಸುತ್ತಾರೆ, ಅದಕ್ಕೆ ಬೇರೆ ಟಿಕೆಟ್. ಅಲ್ಲೂ ಇಳಿದು ಹತ್ತುವುದು ಜಾಸ್ತಿ. ವಯಸ್ಸಾದವರಿದ್ದರೆ ಅದನ್ನು ಅದೇ ದಿನ ತುರುಕಬೇಡಿ. ಲೆಕ್ಸಿಂಗ್ಟನ್‌ನಲ್ಲಿ ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಹೋಗಿ, ಒಂದು ಸ್ವೆಟರ್ ಜೊತೆಗಿರಲಿ.